ನೆಲದಡಿಯ ಬಿಸಿ ಮತ್ತು ನಮ್ಮ ಮಕ್ಕಳ ಓದು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ಆಡಿದ ಮಾತುಗಳು)



ಹೋದ ವರ್ಷ ನಮ್ಮ ಸಮಿತಿ ಒಂದು ತಪ್ಪು ಮಾಡಿತು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದಲು ನೆರವು ಕೇಳಿ ಬಂದ ಹುಡುಗಿಯೊಬ್ಬಳಿಗೆ, "ಇದನ್ನು ಓದಿ ಏನು ಮಾಡ್ತೀಯಮ್ಮಾ?" ಎಂದು ಕೇಳಿದೆವು. "ಭೂಮಿಯೊಳಗಿನ ಬಿಸಿನೀರಿನ ಬಗ್ಗೆ ಸಂಶೋಧನೆ ಮಾಡ್ತೀನಿ ಸರ್" ಎಂದಳು. ನಮಗೆ ಅರ್ಥವಾಗಲಿಲ್ಲ. ಅವಳ ಹೆಸರನ್ನು ಪಟ್ಟಿಯಿಂದ ಬಿಟ್ಟೆವು. ಆಮೇಲೆ ನಾವು ಓದಿ ತಿಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಆಳಕ್ಕೆ ಇಳಿದಂತೆ ಭೂಮಿಯ ಬಿಸಿ ಏರುತ್ತದೆ, ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ನಮ್ಮ ಕೋಲಾರದ ಚಿನ್ನದ ಗಣಿಯ ಬಂಡೆ ಬಹಳ ಹಳೆಯದು, ಅಲ್ಲಿ ಏರಿಕೆ ಕಡಿಮೆ. ಆದರೂ 3 ಕಿಲೋಮೀಟರಿಗೂ ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್‌ತೀರ್ಥ ಬಿಸಿನೀರಿನ ಬುಗ್ಗೆ. ಲಡಾಖಿನ ಪೂಗಾ ಕಣಿವೆಯಲ್ಲಿ ನೀರು ಕುದಿಯುತ್ತಲೇ ಮೇಲೆ ಬರುತ್ತದೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ಇಂಥ ಹಬೆಯಿಂದ ಐದು ಬಲ್ಬು ಉರಿಸಿದರು. ಇಂದು ಐಸ್‌ಲ್ಯಾಂಡಿನ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳು ಭೂಶಾಖದಿಂದಲೇ ಬೆಚ್ಚಗಿವೆ.

ಆದರೆ ಬಿಸಿ ಇದ್ದರೆ ಸಾಲದು. ನೀರು ಬಂಡೆಯ ಯಾವ ಬಿರುಕಿನಲ್ಲಿ ಎಷ್ಟು ಹರಿಯುತ್ತದೆಂದು ತಿಳಿಯಬೇಕು. ಮರಳಿನ ಮೂಲಕ ನೀರು ಹಾಯಿಸಿ ನೋಡಿ ಅದರ ಮೂಲ ನಿಯಮವನ್ನು 1856ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಹೆನ್ರಿ ಡಾರ್ಸಿ. ತಿಳಿವಳಿಕೆ ಸಾಲದೆ ಹೋದರೆ ಅಪಾಯವೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಡಿಯ ಬಂಡೆಗೆ 2006ರಲ್ಲಿ ಒತ್ತಡದಿಂದ ನೀರು ತುಂಬಿದಾಗ ನೆಲ ನಡುಗಿತು. ಯೋಜನೆಯನ್ನೇ ಕೈಬಿಡಬೇಕಾಯಿತು. ನಮ್ಮ ಊರಿನ ಕೊಳವೆಬಾವಿ ಏಕೆ ಬತ್ತಿತು, ನೀರಿನಲ್ಲಿ ಫ್ಲೋರೈಡ್ ಎಲ್ಲಿಂದ ಬಂತು ಎಂದು ಹೇಳುವುದೂ ಇದೇ ವಿದ್ಯೆ.

ಪೋಷಕರೇ, ದಾರಿ ಹೀಗಿದೆ: ಪಿಯುಸಿಯಲ್ಲಿ ವಿಜ್ಞಾನ, ಬಿ.ಎಸ್ಸಿ., ಜ್ಯಾಮ್ ಪರೀಕ್ಷೆ ಬರೆದು ಐಐಟಿಯಲ್ಲಿ ಎಂ.ಎಸ್ಸಿ., ನಂತರ ನೆಟ್. ಜೆಆರ್‌ಎಫ್ ದೊರೆತು ಪಿಎಚ್.ಡಿ.ಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಂಥ ಕಡೆ ಈ ಕೆಲಸ ನಡೆಯುತ್ತದೆ. ಪಿಎಚ್.ಡಿ.ಗೆ ಐದಾರು ವರ್ಷ ಬೇಕು, ಖಾಯಂ ಹುದ್ದೆ ಬೇಗ ಸಿಗುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಮನೆಯಲ್ಲಿ "ಓದಿದ್ದು ಸಾಕು" ಎನ್ನುವುದು ಹೆಚ್ಚಾಗಿ ಎಂ.ಎಸ್ಸಿ.ಯ ಎರಡು ವರ್ಷದಲ್ಲಿ. ಆಗ ಫೀಸು, ಹಾಸ್ಟೆಲ್ ಖರ್ಚು ಎರಡೂ ಮನೆಯ ಮೇಲೆಯೇ.

ದಾನಿಗಳೇ, ನಿಮ್ಮ ಹಣ ಬೇಕಿರುವುದು ಆ ಎರಡು ವರ್ಷಕ್ಕೆ. ಈ ಸಾಲಿನಿಂದ ಮೂಲವಿಜ್ಞಾನದ ಎಂ.ಎಸ್ಸಿ. ಅರ್ಜಿಗಳನ್ನೂ ವೈದ್ಯಕೀಯ, ಇಂಜಿನಿಯರಿಂಗ್ ಅರ್ಜಿಗಳಿಗೆ ಸಮನಾಗಿ ಪರಿಗಣಿಸುತ್ತೇವೆ. ಹೆಣ್ಣುಮಕ್ಕಳು ಹಿಂಜರಿಯದೆ ಅರ್ಜಿ ಹಾಕಿ.

ಆ ಹುಡುಗಿಗೆ ನಾವೇ ಪತ್ರ ಬರೆದೆವು. ಒಂದು ವರ್ಷ ಟ್ಯೂಷನ್ ಹೇಳಿ ಹಣ ಕೂಡಿಸುತ್ತಿದ್ದಳಂತೆ. ಮತ್ತೆ ಅರ್ಜಿ ಹಾಕಿದ್ದಾಳೆ. ಈ ಬಾರಿ ಪಟ್ಟಿಯಲ್ಲಿ ಅವಳ ಹೆಸರಿದೆ.