ಇಸಿಜಿಯಲ್ಲಿ ‘ಬ್ಲಾಕ್’ ಎಂದರೇನು?

(ಮಲ್ಲೇಶ್ವರಂನಲ್ಲಿ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು, ಕನ್ನಡ ಕಲಿಸುವ ಶಿಕ್ಷಕ. ಇಂದು ಹೃದಯದ ಬಗ್ಗೆ ಮಾತನಾಡಲು ಒಂದೇ ಒಂದು ಪದ ಕಾರಣ. ನನ್ನ ವಿದ್ಯಾರ್ಥಿಯೊಬ್ಬನ ತಂದೆಗೆ ಹೃದಯದ ಆಪರೇಷನ್ ಆಗಿತ್ತು. ಕೆಲವು ದಿನಗಳ ನಂತರ ಹುಡುಗ ಇಸಿಜಿ ಕಾಗದ ಹಿಡಿದು ಬಂದ. “ಸರ್, ಆಪರೇಷನ್ ಆದ ಮೇಲೂ ಅಬ್ಬಾಗೆ ಬ್ಲಾಕ್ ಇದೆ ಅಂತ ಬರೆದಿದೆ. ಅಮ್ಮಿ ಇರೋ ಒಡವೆಯನ್ನೂ ಮಾರ್ತೀನಿ ಅಂತಿದ್ದಾರೆ” ಎಂದು ಅತ್ತ. ಕಾಗದದಲ್ಲಿ ‘ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂದಿತ್ತು. ಇಬ್ಬರೂ ವೈದ್ಯರ ಬಳಿ ಹೋದೆವು. ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ತಮ್ಮ ಮುಂದಿಡುತ್ತೇನೆ.

ಆ ತಂದೆಗಿದ್ದ ಕಾಯಿಲೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವುದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು. ಎಡ ಬಲ ಕೋಣೆಗಳ ನಡುವಿನ ಗೋಡೆ ಉಬ್ಬಿದರೆ ರಕ್ತ ಹೊರಹೋಗುವ ದಾರಿ ಇಕ್ಕಟ್ಟಾಗುತ್ತದೆ. ಏದುಸಿರು, ಎದೆನೋವು, ತಲೆಸುತ್ತು ಬರುತ್ತವೆ. ಔಷಧಿಗೆ ಬಗ್ಗದಿದ್ದರೆ ಎದೆ ತೆರೆದು, ಉಬ್ಬಿದ ಗೋಡೆಯಿಂದ ಒಂದು ತುಂಡು ಸ್ನಾಯುವನ್ನು ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ಮಯೆಕ್ಟಮಿ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದ ಡಾ. ಆಂಡ್ರ್ಯೂ ಮಾರೊ ಇದನ್ನು ರೂಢಿಗೆ ತಂದರು. ಅವರಿಗೂ ಇದೇ ಕಾಯಿಲೆ ಇತ್ತು!

ಆ ಗೋಡೆಯಲ್ಲೇ ಹೃದಯದ ವಿದ್ಯುತ್ ದಾರಿಗಳೂ ಇವೆ. ಮೇಲಿನಿಂದ ಬಂದ ವಿದ್ಯುತ್ ಸಂದೇಶ ಎಡ, ಬಲ ಎಂಬ ಎರಡು ಕವಲುಗಳಲ್ಲಿ ಇಳಿದು ಕೋಣೆಗಳನ್ನು ಬಡಿಯುವಂತೆ ಮಾಡುತ್ತದೆ. ನಮ್ಮ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳನ್ನು ನೆನೆಯಿರಿ. ಒಂದನ್ನು ಅಗೆದು ಮುಚ್ಚಿದರೆ ಜನ ಇನ್ನೊಂದರಿಂದ ಬಂದು ಕ್ರಾಸ್‌ಗಳಲ್ಲಿ ತಿರುಗಿ ಮನೆ ಸೇರುತ್ತಾರೆ. ಸ್ವಲ್ಪ ತಡವಾಗುತ್ತದೆ, ಅಷ್ಟೆ. ಎಡ ಕವಲು ಗೋಡೆಯ ಎಡಮೈಯಲ್ಲಿ, ಶಸ್ತ್ರ ತಾಗುವ ಜಾಗದಲ್ಲೇ ಹಾದುಹೋಗುತ್ತದೆ. ಆದ್ದರಿಂದ ಈ ಆಪರೇಷನ್ ನಂತರ ನೂರರಲ್ಲಿ ಸುಮಾರು 40 ಮಂದಿಯ ಇಸಿಜಿಯಲ್ಲಿ ಎಡ ಕವಲಿನ ಬ್ಲಾಕ್ ಕಾಣುತ್ತದೆ. ಸಂದೇಶ ಬಲಗಡೆಯಿಂದ ಸುತ್ತಿ ಬರುತ್ತದೆ. ಇದು ರಕ್ತನಾಳದ ಬ್ಲಾಕ್ ಅಲ್ಲ. ಆಪರೇಷನ್ ಸೋತಿತೆಂದೂ ಅಲ್ಲ.

ಆದರೆ ಬಲ ಕವಲು ಮೊದಲೇ ಮುಚ್ಚಿದ್ದರೆ? ಆಗ ಎರಡೂ ರಸ್ತೆ ಬಂದ್. ಇಂಥವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಶಾಶ್ವತ ಪೇಸ್‌ಮೇಕರ್ ಬೇಕಾಗಬಹುದು. ಮೊದಲು ಇಸಿಜಿ ಸರಿಯಿದ್ದವರಿಗೆ, ನುರಿತ ಕೈಯಲ್ಲಿ, ಅದು ತೀರಾ ಅಪರೂಪ. 1994ರಲ್ಲಿ ಶುರುವಾದ ಇನ್ನೊಂದು ವಿಧಾನದಲ್ಲಿ ರಕ್ತನಾಳದ ಮೂಲಕ ಆಲ್ಕೋಹಾಲ್ ಬಿಟ್ಟು ಆ ಸ್ನಾಯುವನ್ನು ಕುಗ್ಗಿಸುತ್ತಾರೆ. ಅದರಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಬಲ ಕವಲಿಗೆ. ಹಾಗಾಗಿ ಯಾವ ವಿಧಾನ ಎಂದು ತೀರ್ಮಾನಿಸುವಾಗ ಹಳೆಯ ಇಸಿಜಿಗೆ ಬಹಳ ಬೆಲೆ.

ಬಂಧುಗಳೇ, ಮೂರು ಮಾತು ನೆನಪಿಡಿ. ಒಂದು, ಆಪರೇಷನ್‌ಗೆ ಮುಂಚಿನ ಇಸಿಜಿ ಕಾಗದವನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಎರಡು, ಆಪರೇಷನ್ ದಾರಿಯನ್ನು ಅಗಲ ಮಾಡುತ್ತದೆ, ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಹೃದಯ ತಾಳ ತಪ್ಪುವ ಅಪಾಯ ಪೂರ್ತಿ ಹೋಗದು. ಆಮೇಲೂ ಎಚ್ಚರ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ರೋಜಾ ಹಿಡಿಯುವ ಮುನ್ನ ವೈದ್ಯರನ್ನು ಕೇಳಿ. ಮೂರು, ಇದು ಬಹಳಷ್ಟು ಸಲ ವಂಶದಲ್ಲಿ ಬರುವ ಕಾಯಿಲೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಇಸಿಜಿ, ಎಕೋ ಮಾಡಿಸಿ. ನಮ್ಮ ಊರಿನಲ್ಲೇ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ.

ಆ ತಾಯಿಯ ಒಡವೆ ಉಳಿಯಿತು. ಹುಡುಗನಿಗೂ ಎಕೋ ಆಯಿತು. ಅಲ್‌ಹಮ್ದುಲಿಲ್ಲಾಹ್, ಸದ್ಯಕ್ಕೆ ತೊಂದರೆಯಿಲ್ಲ, ಆಗಾಗ ತೋರಿಸಬೇಕು. ವಿದ್ಯಾರ್ಥಿಗಳೇ, ತಿಳಿಯದ ಪದ ಕಂಡರೆ ಹೆದರಬೇಡಿ, ನಾಚಬೇಡಿ. “ಡಾಕ್ಟರೇ, ಇದರ ಅರ್ಥವೇನು?” ಎಂದು ನಿಮ್ಮ ಭಾಷೆಯಲ್ಲೇ ಕೇಳಿ. ಮನೆಯವರ ಪರವಾಗಿ ಹಾಗೆ ಕೇಳುವುದೂ ವಿದ್ಯೆಯೇ.