ಓಗಸವಾರದ ಮನೆಗೂ ತಲುಪಿದ ಟಿ.ವಿ.



ಜಪಾನಿನ ಪ್ರಸಾರ ಉಪಗ್ರಹಗಳ ಬೆಳವಣಿಗೆ ಈ ವಿಚಾರ ಸಂಕಿರಣದ ವಿಷಯ. ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 1,000 ಕಿಲೋಮೀಟರ್ ದೂರದ ಸಮುದ್ರದಲ್ಲಿ ಓಗಸವಾರ ದ್ವೀಪಗಳಿವೆ. ಆಡಳಿತದ ಲೆಕ್ಕದಲ್ಲಿ ಅವು ಟೋಕಿಯೊಗೇ ಸೇರಿದವು. ಜಪಾನಿನಲ್ಲಿ ಟಿ.ವಿ. ಪ್ರಸಾರ ಶುರುವಾದದ್ದು 1953ರಲ್ಲಿ. ಓಗಸವಾರದ ಮನೆಗಳಿಗೆ ಅದು ನೇರವಾಗಿ ತಲುಪಿದ್ದು 1984ರಲ್ಲಿ. ಆ 31 ವರ್ಷಗಳ ಅಂತರವನ್ನು ತುಂಬಲು ನಡೆದ ದುಡಿಮೆಯನ್ನೇ ನಾವಿಲ್ಲಿ ಚರ್ಚಿಸಲಿದ್ದೇವೆ.

ಜಪಾನ್ ಬೆಟ್ಟಗಳ, ದ್ವೀಪಗಳ ನಾಡು. ಎಷ್ಟು ಮರುಪ್ರಸಾರ ಕೇಂದ್ರ ಕಟ್ಟಿದರೂ ಬೆಟ್ಟದ ಮರೆಯಲ್ಲಿ ಕೆಲವು ಮನೆಗಳು ಉಳಿದೇ ಉಳಿಯುತ್ತಿದ್ದವು. ವೀಕ್ಷಕರು ಕಟ್ಟುವ ಶುಲ್ಕದಿಂದ ನಡೆಯುವ ಸಾರ್ವಜನಿಕ ಪ್ರಸಾರಕ ಎನ್‌ಎಚ್‌ಕೆ ಸಂಸ್ಥೆ ಆ ಮನೆಗಳ ಕೈಬಿಡುವಂತಿರಲಿಲ್ಲ. ಅದಕ್ಕಾಗಿಯೇ 1960ರ ದಶಕದಲ್ಲೇ ಅಲ್ಲಿ ಉಪಗ್ರಹದ ಯೋಚನೆ ಮೊಳೆಯಿತು.

1978ರ ಏಪ್ರಿಲ್‌ನಲ್ಲಿ ಅಮೆರಿಕದ ಡೆಲ್ಟಾ ರಾಕೆಟ್ ಪ್ರಾಯೋಗಿಕ ಉಪಗ್ರಹ ಬಿಎಸ್‌ಇಯನ್ನು ಒಯ್ದಿತು. ಜಪಾನೀಯರು ಅದಕ್ಕಿಟ್ಟ ಹೆಸರು ಯೂರಿ, ಅಂದರೆ ಲಿಲ್ಲಿ ಹೂ. ಅದರ ಸ್ಥಾನ 110 ಡಿಗ್ರಿ ಪೂರ್ವ ರೇಖಾಂಶ. ಈ ಆಯ್ಕೆಯ ಜಾಣತನ ನೋಡಿ. ಹಗಲು ಇರುಳು ಸಮವಾಗಿರುವ ದಿನಗಳ ಆಸುಪಾಸಿನಲ್ಲಿ ಉಪಗ್ರಹ ಪ್ರತಿ ರಾತ್ರಿ ಭೂಮಿಯ ನೆರಳಿಗೆ ಬೀಳುತ್ತದೆ, ಸೌರಫಲಕಗಳಿಗೆ ಬಿಸಿಲಿರುವುದಿಲ್ಲ. ಪಶ್ಚಿಮಕ್ಕೆ ಸರಿಸಿ ಇಟ್ಟಿದ್ದರಿಂದ ಆ ಕತ್ತಲೆ ಜಪಾನಿನಲ್ಲಿ ರಾತ್ರಿ ಒಂದು ಗಂಟೆ ದಾಟಿದ ಮೇಲೆ, ಊರು ಮಲಗಿರುವಾಗ ಬರುತ್ತದೆ.

ಉಪಗ್ರಹದ ಜೀವ ಟ್ರಾವೆಲಿಂಗ್ ವೇವ್ ಟ್ಯೂಬ್ ಎಂಬ ನಿರ್ವಾತ ಕೊಳವೆ. ಅದರೊಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ, ನಡುವೆ ಹಾಯುವ ಎಲೆಕ್ಟ್ರಾನುಗಳ ಧಾರೆ. ತಂತಿಯ ಮೇಲೆ ಸಾಗುವ ಬಡಕಲು ಸಂಕೇತ ಆ ಧಾರೆಯ ಶಕ್ತಿ ಹೀರಿ ಬಲಿಯುತ್ತದೆ. ಯೂರಿಯ ಕೊಳವೆ ಕೊಡುತ್ತಿದ್ದದ್ದು 100 ವ್ಯಾಟ್, ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ಬಲ್ಬಿನಷ್ಟು. ಅಷ್ಟನ್ನೇ 36,000 ಕಿಲೋಮೀಟರ್ ಎತ್ತರದಿಂದ ಇಡೀ ದೇಶಕ್ಕೆ ಹಂಚಬೇಕು. ಕೆಟ್ಟರೆ ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ. ಯೂರಿಯಲ್ಲಿದ್ದ ಮೂರೂ ಕೊಳವೆಗಳ ವ್ಯವಸ್ಥೆ 1980ರ ಹೊತ್ತಿಗೆ ಕೈಕೊಟ್ಟಿತು.

1984ರ ಜನವರಿಯಲ್ಲಿ ತನೆಗಶಿಮಾ ದ್ವೀಪದಿಂದ ಮುಂದಿನ ಪ್ರಸಾರ ಉಪಗ್ರಹ ಬಿಎಸ್‌-2ಎ ಏರಿತು. ಕೆಲವೇ ತಿಂಗಳಲ್ಲಿ ಅದರ ಮೂರು ಪ್ರೇಷಕಗಳಲ್ಲಿ ಎರಡು ಕೆಟ್ಟವು. ಆದರೂ ಮೇ 12ರಂದು ಎನ್‌ಎಚ್‌ಕೆ ಉಳಿದ ಒಂದರಿಂದಲೇ ಪ್ರಾಯೋಗಿಕ ಪ್ರಸಾರ ಆರಂಭಿಸಿತು. ಓಗಸವಾರದ ಮನೆಗಳಿಗೆ ಟಿ.ವಿ. ತಂದದ್ದು ಆ ಒಂಟಿ ಪ್ರೇಷಕ. ಈ ಇತಿಹಾಸದಲ್ಲಿ ನಾನು ಬಹಳ ಗೌರವಿಸುವ ಘಟ್ಟ ಇದು.

ಮುಂದಿನ ದಾರಿಯೂ ಸಲೀಸಾಗಿರಲಿಲ್ಲ. 1990ರ ಫೆಬ್ರವರಿಯಲ್ಲಿ ಏರಿಯಾನ್ ರಾಕೆಟ್ಟಿನ ನೀರಿನ ಕೊಳವೆಯಲ್ಲಿ ಉಳಿದುಹೋಗಿದ್ದ ಒಂದು ತುಂಡು ಬಟ್ಟೆಯಿಂದ ಬಿಎಸ್‌-2ಎಕ್ಸ್ ನಾಶವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅಟ್ಲಾಸ್ ರಾಕೆಟ್ಟಿನ ಜೊತೆ ಬಿಎಸ್‌-3ಎಚ್ ಕೂಡ ನಾಶವಾಯಿತು. ಅಷ್ಟಾದರೂ 1989ರ ಜೂನ್‌ನಲ್ಲಿ ವಿಧ್ಯುಕ್ತವಾಗಿ ಆರಂಭವಾಗಿದ್ದ ಉಪಗ್ರಹ ಪ್ರಸಾರ ನಿಲ್ಲಲಿಲ್ಲ. 1991ರ ನವೆಂಬರ್ 25ರಿಂದ 1,125 ಗೆರೆಗಳ ಹೈವಿಷನ್, ಅಂದರೆ ಹೆಚ್ಚು ಸ್ಪಷ್ಟತೆಯ ಚಿತ್ರ, ದಿನಕ್ಕೆ 8 ಗಂಟೆ ಬಾನಿನಿಂದ ಇಳಿಯತೊಡಗಿತು. 2000ದ ಡಿಸೆಂಬರ್‌ನಲ್ಲಿ ಡಿಜಿಟಲ್, 2018ರ ಡಿಸೆಂಬರ್‌ನಲ್ಲಿ 4ಕೆ ಮತ್ತು 8ಕೆ ಪ್ರಸಾರ ಬಂದವು.

ಇಲ್ಲಿ ಎರಡು ಪ್ರಶ್ನೆಗಳು ನಮ್ಮ ಚರ್ಚೆಗೆ ಬರಬೇಕು. ಮೊದಲನೆಯದು, ಟಿ.ವಿ. ಸಿಗದವರಿಗಾಗಿ ಹುಟ್ಟಿದ ಉಪಗ್ರಹ ಕ್ರಮೇಣ ಟಿ.ವಿ. ಇದ್ದವರಿಗೆ ಇನ್ನಷ್ಟು ವಾಹಿನಿ ಕೊಡುವ ಸಾಧನವಾಯಿತು. ಇದರಿಂದ ಗಳಿಸಿದ್ದೇನು, ಮರೆತದ್ದೇನು? ಎರಡನೆಯದು, 1990ರ ಅಮೆರಿಕ–ಜಪಾನ್ ಒಪ್ಪಂದ ಇಂಥ ಉಪಗ್ರಹಗಳ ಖರೀದಿಯನ್ನು ಮುಕ್ತ ಟೆಂಡರಿಗೆ ಒಡ್ಡಿತು. 1997ರ ಪ್ರಸಾರ ಉಪಗ್ರಹ ಬಿಸ್ಯಾಟ್‌-1ಎ ಅಮೆರಿಕದ ಹ್ಯೂಸ್ ಕಂಪನಿಯದು. ಪ್ರಸಾರ ಗೆದ್ದಾಗ ದೇಶದ ಉಪಗ್ರಹ ಉದ್ಯಮ ಏನನ್ನು ಕಳೆದುಕೊಂಡಿತು?

ನಮಗೂ ಈ ಪ್ರಶ್ನೆಗಳು ಹೊರಗಿನವಲ್ಲ. ಭಾರತದಲ್ಲಿ 1975–76ರಲ್ಲಿ ನಡೆದ ಸೈಟ್ ಎಂಬ ಉಪಗ್ರಹ ಶಿಕ್ಷಣ ಟಿ.ವಿ. ಪ್ರಯೋಗದಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅಮೆರಿಕದ ಎಟಿಎಸ್‌-6 ಉಪಗ್ರಹದಿಂದ ನೇರವಾಗಿ ಟಿ.ವಿ. ನೋಡಿದ್ದವು. ಒಂದು ವರ್ಷ ಮುಗಿದ ಮೇಲೆ ಆ ಉಪಗ್ರಹ ಬೇರೆಡೆಗೆ ಸರಿಯಿತು. ಬಾನಿನಿಂದ ಬಂದ ಸೌಲಭ್ಯ ನಿರಂತರವಾಗಿ ಉಳಿಯಬೇಕಾದರೆ ಏನು ಬೇಕು ಎಂಬುದನ್ನು ಜಪಾನಿನ ದಾರಿಯಲ್ಲಿ ನಾವು ಕಲಿಯಬಹುದು.

ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದೇ ಕೋರಿಕೆ. ಉಡಾವಣೆಯ ದಿನಾಂಕಗಳ ಜೊತೆಗೆ ಕೆಟ್ಟ ಕೊಳವೆಗಳ ಲೆಕ್ಕವನ್ನೂ ಮುಂದಿಡಿ. ಪ್ರತಿ ಉಪಗ್ರಹದ ಬಗ್ಗೆ, ಅದು ಯಾವ ಕೊನೆಯ ಮನೆಗೆ ತಲುಪಿತು ಎಂದು ತಪ್ಪದೆ ಕೇಳಿ.