ನೀನು ಯಾರ ಮನೆ ಮಗು?



ರಜೆಯಲ್ಲಿ ಅಜ್ಜಿಯ ಊರಿಗೆ ಹೋದವರಿಗೆಲ್ಲ ಈ ಪ್ರಶ್ನೆ ಗೊತ್ತು: "ನೀನು ಯಾರ ಮನೆ ಮಗು?" ಅಜ್ಜಿಯ ಹೆಸರು ಹೇಳಿದರೆ ಸಾಕು, ಬಾಗಿಲು ತೆರೆಯುತ್ತದೆ, ಕಾಫಿಯೂ ಬರುತ್ತದೆ. ಆ ಮನೆಯವರಿಗೆ ನಿಮ್ಮ ಪರಿಚಯವಿಲ್ಲ, ಅಜ್ಜಿಯ ಪರಿಚಯವಿದೆ.

ಕಂಪ್ಯೂಟರ್ ಜಾಲದಲ್ಲೂ ಇದೇ ಲೆಕ್ಕ. ಒಂದೇ ಆಡಳಿತಕ್ಕೆ ಸೇರಿದ ಬಳಕೆದಾರರು ಮತ್ತು ಯಂತ್ರಗಳ ಗುಂಪು ಒಂದು ಡೊಮೇನ್. ಎರಡು ಡೊಮೇನ್‌ಗಳ ನಡುವಿನ ನಂಟಿಗೆ ಟ್ರಸ್ಟ್ ಎನ್ನುತ್ತಾರೆ. ಆ ಕಡೆಯವರು ಈ ಕಡೆಯ ಕಡತ ತೆರೆಯಲು ಬಂದಾಗ ಅವರ ಪಾಸ್‌ವರ್ಡ್ ಇಲ್ಲಿಗೆ ಬರುವುದಿಲ್ಲ. ಅವರ ಮನೆಯವರು ಕೊಟ್ಟ ಟಿಕೆಟ್ ಮಾತ್ರ ಬರುತ್ತದೆ. ಈ ಟಿಕೆಟ್ ಪದ್ಧತಿಯ ಹೆಸರು ಕರ್ಬೆರೋಸ್. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ವಿಂಡೋಸ್ 2000ದಿಂದ ವಿಂಡೋಸ್ ಡೊಮೇನ್‌ಗಳೂ ಇದನ್ನೇ ಬಳಸುತ್ತಿವೆ.

ಈಗ ನಾನು ಮಾಡಿದ ಎಡವಟ್ಟು ಕೇಳಿ. ಎರಡು ಸಂಸ್ಥೆಗಳು ಒಂದಾಗಿದ್ದವು, ಒಂದರ ಜಾಲ ನನ್ನ ಕೈಯಲ್ಲಿತ್ತು. ಒಂದು ಶುಕ್ರವಾರ ಸಂಜೆ, ದುರ್ಬಲವಾದ ಹಳೆಯ ಆರ್‌ಸಿ4 ಗೂಢಲಿಪಿ ಬೇಡ, ಎಇಎಸ್ ಒಂದೇ ಇರಲಿ ಎಂದು ಗ್ರೂಪ್ ಪಾಲಿಸಿ ಬದಲಿಸಿದೆ. ಹಳೆಯದಾದ ಎನ್‌ಟಿಎಲ್‌ಎಂ ದಾರಿಯನ್ನು ಮೊದಲೇ ಮುಚ್ಚಿದ್ದೆವು. ಸೋಮವಾರ ಬೆಳಿಗ್ಗೆ ಆ ಕಡೆಯವರಿಗೆ ನಮ್ಮಲ್ಲಿದ್ದ ಸಂಬಳದ ಕಡತ ತೆರೆಯಲಿಲ್ಲ. ಅಂದೇ ಸಂಬಳ ಹೋಗಬೇಕಿತ್ತು.

"ಎಲ್ಲಾ ಭದ್ರತೆಯನ್ನೂ ತೆಗೆದುಬಿಡಿ, ಕೆಲಸ ನಡೆಯಲಿ" ಎಂದರು ಮೇಲಿನವರು. ತೆಗೆಯಲಿಲ್ಲ. ಆದರೆ ಶುಕ್ರವಾರದ ಬದಲಾವಣೆಯ ಮಾತನ್ನೂ ಎತ್ತಲಿಲ್ಲ. ಸುಮ್ಮನೆ ಒಂದೊಂದೇ ಪರೀಕ್ಷಿಸುತ್ತಾ ಹೋದೆ.

ಮೊದಲು ಗಡಿಯಾರ. ಎರಡು ಕಡೆಯ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರ್ಬೆರೋಸ್ ಸಾಮಾನ್ಯವಾಗಿ ಟಿಕೆಟ್ ಒಪ್ಪುವುದಿಲ್ಲ. ಸಮಯ ಸರಿಯಿತ್ತು. ಆಮೇಲೆ ಡಿಎನ್‌ಎಸ್: ಒಬ್ಬರ ಹೆಸರು ಇನ್ನೊಬ್ಬರಿಗೆ ಸಿಗುತ್ತಿದೆಯೇ? ಸಿಗುತ್ತಿತ್ತು. ಆಮೇಲೆ ಫೈರ್‌ವಾಲ್: 88, 389, 445ನೇ ಪೋರ್ಟ್‌ಗಳು ತೆರೆದಿವೆಯೇ? ತೆರೆದಿದ್ದವು. ಕೊನೆಗೆ ಈವೆಂಟ್ ಲಾಗ್ ನೋಡಿದರೆ, ಕೇಳಿದ ಗೂಢಲಿಪಿಯ ಬಗೆಗೆ ಬೆಂಬಲವಿಲ್ಲ ಎಂಬ ದೋಷ ಎದುರಿಗೇ ಕುಳಿತಿತ್ತು.

ಒಂದು ಗಂಟೆ ಕಳೆದಿತ್ತು. ಆ ಕಡೆಯ ನಿರ್ವಾಹಕರಿಗೆ ಫೋನ್ ಮಾಡಿ, "ಶುಕ್ರವಾರ ನಾನೇ ಆರ್‌ಸಿ4 ನಿಲ್ಲಿಸಿದ್ದು, ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ" ಎಂದೆ. ಅವರು ಬೈಯಲಿಲ್ಲ. "ಟ್ರಸ್ಟ್‌ನ ಪ್ರಾಪರ್ಟೀಸ್ ತೆಗೆದು ನೋಡಿ" ಎಂದರು. ಎದುರಿನ ಡೊಮೇನ್ ಎಇಎಸ್ ಬಲ್ಲದು ಎನ್ನುವ ಒಂದು ಪುಟ್ಟ ಚೌಕ ಅಲ್ಲಿತ್ತು. ಎರಡೂ ಕಡೆ ಖಾಲಿ! ಹಾಗಾಗಿ ಆ ನಂಟು ಇನ್ನೂ ಆರ್‌ಸಿ4 ಭಾಷೆಯನ್ನೇ ಆಡುತ್ತಿತ್ತು, ನಾನು ಆ ಭಾಷೆಯನ್ನೇ ನಿಷೇಧಿಸಿದ್ದೆ. ಎರಡೂ ಕಡೆ ಗುರುತು ಹಾಕಿದೆವು. ಎಲ್ಲಾ ಸರ್ವರ್‌ಗಳಿಗೂ ಅದು ತಲುಪುವವರೆಗೆ ಕಾದು, ಬಳಕೆದಾರರ ಹಳೆಯ ಟಿಕೆಟ್‌ಗಳನ್ನು ಅಳಿಸಿದೆವು. ಕಡತ ತೆರೆಯಿತು. ಸಂಬಳವೂ ಹೋಯಿತು.

ನಿಮ್ಮಲ್ಲಿ ಹಲವರು ಇಂಥ ಕೆಲಸಕ್ಕೇ ಹೋಗುವವರು. ಮೂರು ಮಾತು ನೆನಪಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಬೀಗ ಹೊಂದದಿದ್ದರೆ ಬಾಗಿಲು ಕೀಳಬೇಡಿ, ಯಾವ ಕೀಲಿ ಹೊಂದುತ್ತಿಲ್ಲ ಎಂದು ಹುಡುಕಿ. ಮೂರನೆಯದು, ನಂಟು ಇಬ್ಬರದು; ನಿಮ್ಮ ಮನೆಯ ನಿಯಮ ಬದಲಿಸುವ ಮೊದಲು ಆ ಮನೆಗೆ ಒಂದು ಮಾತು ಹೇಳಿ.

ಆ ಸೋಮವಾರ ಸಂಬಳಕ್ಕಾಗಿ ಕಾಯುತ್ತಿದ್ದವರಿಗೆ ಆರ್‌ಸಿ4 ಏನೆಂದು ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದ ಒಂದು ಗಂಟೆಯನ್ನು ಮಾತ್ರ ಅವರೂ ನನ್ನ ಜೊತೆ ಕಾದರು.